ಪ್ರೊಸೀಜರ್ ಓಡುತ್ತದೆ, ಪರದೆ ಮಾತ್ರ ಖಾಲಿ: ಕಳೆದುಹೋದ ಸಾಲುಗಳನ್ನು ಹುಡುಕುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಂದು ಅಡಿಕೆ ಅಂಗಡಿಯಿಂದ ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಫೋನ್ ಬಂತು. "ಟೀಚರೇ, ರೈತರ ಲೆಕ್ಕ ತೆರೆದರೆ ಏನೂ ಬರುವುದಿಲ್ಲ. ತಲೆಬರಹ ಇದೆ, ಅದರ ಕೆಳಗೆ ಬರೀ ಬಿಳಿ. ಇಲ್ಲಿ ಆರೇಳು ಜನ ಚೀಟಿ ಹಿಡಿದುಕೊಂಡು ಕೂತಿದ್ದಾರೆ." ಲೆಕ್ಕ ಬರೆಯುವ ಆ ಹುಡುಗಿ ಹಿಂದೆ ನನ್ನ ಬಳಿ ಕಂಪ್ಯೂಟರ್ ಕಲಿತವಳು, ಸುಮ್ಮನೆ ಗಾಬರಿಯಾಗುವವಳಲ್ಲ. ಅಂಗಡಿಯ ತಂತ್ರಾಂಶ ನಾನೇ ಬರೆದದ್ದು. ಎದುರಿಗೆ ಮೈಕ್ರೋಸಾಫ್ಟ್ ಆಕ್ಸೆಸ್‌ನ ಫಾರ್ಮ್‌ಗಳು, ಅಂದರೆ ಅಂಗಡಿಯವರು ನೋಡುವ ಪರದೆಗಳು. ಒಳಕೋಣೆಯ ಕಂಪ್ಯೂಟರಿನಲ್ಲಿ ಡೇಟಾ ಇಡುವ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್. ಲೆಕ್ಕಾಚಾರವೆಲ್ಲ ಸ್ಟೋರ್ಡ್ ಪ್ರೊಸೀಜರ್‌ಗಳಲ್ಲಿ, ಅಂದರೆ ಸರ್ವರ್‌ನೊಳಗೇ ಬರೆದಿಟ್ಟ ಆದೇಶಗಳ ಕಟ್ಟುಗಳಲ್ಲಿ. ಊರಿನ ಹೆಸರು ಮತ್ತು ಎರಡು ದಿನಾಂಕ ಕೊಟ್ಟು ಗುಂಡಿ ಒತ್ತಿದರೆ ಪ್ರೊಸೀಜರ್ ಓಡಿ, ಯಾರಿಗೆ ಎಷ್ಟು ಬಾಕಿ ಎಂಬ ಪಟ್ಟಿ ಲಿಸ್ಟ್ ಬಾಕ್ಸ್‌ನಲ್ಲಿ ತುಂಬಬೇಕು.

ಆ ದಿನ ನಾನು ಪಟ್ಟ ಪಾಡನ್ನೂ, ಆಮೇಲೆ ಪೆರ್ಲ, ಮುಳ್ಳೇರಿಯ, ಉಪ್ಪಳದ ಅಂಗಡಿಗಳಲ್ಲಿ ಇದೇ ಬಗೆಯ ದೋಷ ಹುಡುಕುತ್ತಾ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಸಣ್ಣ ವ್ಯಾಪಾರಗಳಿಗೆ ತಂತ್ರಾಂಶ ನೋಡಿಕೊಳ್ಳುವವರು ನಮ್ಮ ಜಿಲ್ಲೆಯಲ್ಲಿ ಹಲವರಿದ್ದೇವೆ, ಕನ್ನಡದಲ್ಲಿ ಇದನ್ನು ಬರೆದಿಟ್ಟದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಆದೇಶಗಳನ್ನೂ ದೋಷ ಸಂದೇಶಗಳನ್ನೂ ಓದಿಗೆ ಅನುಕೂಲವಾಗಲೆಂದು ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಬೆರಳಚ್ಚು ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮೊದಲು ಜಾಗ ಗೊತ್ತಾಗಲಿ

ಖಾಲಿ ಪರದೆ ಕಂಡ ಕೂಡಲೇ ಪ್ರೊಸೀಜರ್ ತೆರೆದು ತಿದ್ದಲು ಹೊರಡುವುದು ನಮ್ಮಲ್ಲಿ ಹೆಚ್ಚಿನವರ ಅಭ್ಯಾಸ. ದಯವಿಟ್ಟು ಹಾಗೆ ಮಾಡಬೇಡಿ. ಸಾಲುಗಳು ಸರ್ವರ್‌ನಿಂದ ಹೊರಟು ಕಣ್ಣಿಗೆ ಬೀಳುವ ಹೊತ್ತಿಗೆ ಮೂರು ಕಟ್ಟೆ ದಾಟುತ್ತವೆ: ಸರ್ವರ್‌ನೊಳಗಿನ ಪ್ರೊಸೀಜರ್, ಆಕ್ಸೆಸ್‌ನಲ್ಲಿದ್ದು ನಮ್ಮ ಆದೇಶವನ್ನು ಸರ್ವರ್‌ಗೆ ದಾಟಿಸುವ ಪಾಸ್-ಥ್ರೂ ಕ್ವೆರಿ, ಕೊನೆಗೆ ಫಾರ್ಮ್. ಯಾವ ಕಟ್ಟೆಯವರೆಗೆ ಬಂದಿವೆ, ಎಲ್ಲಿಂದ ಮುಂದೆ ಬಂದಿಲ್ಲ ಎಂದು ತಿಳಿಯುವ ಮುನ್ನ ಒಂದು ಅಕ್ಷರವನ್ನೂ ಬದಲಿಸಬಾರದು. ಬದಲಿಸಿದರೆ ಒಂದು ದೋಷದ ಜಾಗದಲ್ಲಿ ಎರಡಾಗುತ್ತವೆ.

ಸರ್ವರನ್ನು ನೇರವಾಗಿ ನೋಡುವ ತಂತ್ರಾಂಶವಾದ ಮ್ಯಾನೇಜ್‌ಮೆಂಟ್ ಸ್ಟುಡಿಯೊದಲ್ಲಿ ಪ್ರೊಸೀಜರನ್ನು ನೇರವಾಗಿ ಓಡಿಸಿ, ಬಂದ ಸಾಲುಗಳ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ಆಕ್ಸೆಸ್‌ನಲ್ಲಿ ಫಾರ್ಮ್ ಮುಟ್ಟದೆ ಪಾಸ್-ಥ್ರೂ ಕ್ವೆರಿಯನ್ನಷ್ಟೇ ಎರಡು ಸಲ ಒತ್ತಿ ತೆರೆಯಿರಿ. ಅಲ್ಲೂ ಅಷ್ಟೇ ಸಾಲು ಬಂದರೆ ದೋಷ ಫಾರ್ಮ್‌ನಲ್ಲಿದೆ. ಸ್ಟುಡಿಯೊದಲ್ಲಿ ಬಂದು ಕ್ವೆರಿಯಲ್ಲಿ ಬಾರದಿದ್ದರೆ ದೋಷ ನಡುದಾರಿಯದು. ಸ್ಟುಡಿಯೊದಲ್ಲೇ ಇಲ್ಲವಾದರೆ ಪ್ರೊಸೀಜರನ್ನೋ ಅದಕ್ಕೆ ಕೊಟ್ಟ ಬೆಲೆಗಳನ್ನೋ (ಊರು, ದಿನಾಂಕದಂಥ ವ್ಯಾಲ್ಯೂಗಳನ್ನೋ) ನೋಡಬೇಕು. ಇಷ್ಟಕ್ಕೆ ಐದು ನಿಮಿಷ ಸಾಕು.

ಒಂದು ಎಚ್ಚರಿಕೆ. ಎರಡೂ ಕಡೆ ಅದೇ ಡೇಟಾಬೇಸ್ ಎಂದು ನಂಬಿಕೊಂಡು ಕೂರಬೇಡಿ. ಪಾಸ್-ಥ್ರೂ ಕ್ವೆರಿಯ ಕನೆಕ್ಟ್ ಗುಣದಲ್ಲಿ (ಪ್ರಾಪರ್ಟಿ) ಸರ್ವರ್ ಮತ್ತು ಡೇಟಾಬೇಸಿನ ಹೆಸರು ಪ್ರತ್ಯೇಕವಾಗಿ ಬರೆದಿರುತ್ತದೆ. ಪ್ರಯೋಗಕ್ಕೆಂದು ಮಾಡಿದ ನಕಲು ಡೇಟಾಬೇಸನ್ನೇ ಅದು ಇನ್ನೂ ತೋರಿಸುತ್ತಿರುವುದನ್ನು ನಾನು ಎರಡು ಸಲ ಕಂಡಿದ್ದೇನೆ. ಹೊಸದೊಂದು ಪಾಸ್-ಥ್ರೂ ಕ್ವೆರಿ ಮಾಡಿ, ಹಳೆಯದರ ಕನೆಕ್ಟ್ ಸಾಲನ್ನು ಹಾಗೆಯೇ ಅಂಟಿಸಿ, ಸರ್ವರಿನ ಹೆಸರು, 'ಡಿಬಿ ನೇಮ್', 'ಎಸ್‌ಯೂಸರ್ ಎಸ್‌ನೇಮ್' ಈ ಮೂರನ್ನು ಸೆಲೆಕ್ಟ್ ಮಾಡಿ. ಯಾವ ಯಂತ್ರ, ಯಾವ ಡೇಟಾಬೇಸ್, ಯಾರ ಹೆಸರಿನಲ್ಲಿ ಒಳಗೆ ಹೋಗಿದ್ದೀರಿ ಎಂಬುದು ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

ಬಾಯಿ ಕಟ್ಟಿದ ದೋಷ ಸಂದೇಶ

ಬದಿಯಡ್ಕಕ್ಕೆ ಹೋಗಿ ಕೂತೆ. ಸ್ಟುಡಿಯೊದಲ್ಲಿ 38 ಸಾಲು ಬಂತು, ಫಾರ್ಮ್‌ನಲ್ಲಿ ಒಂದೂ ಇಲ್ಲ. ದೋಷ ಸಂದೇಶವೂ ಇಲ್ಲ. ಈ ಎರಡನೆಯದೇ ನಿಜವಾದ ಸಮಸ್ಯೆ. ಗುಂಡಿಯ ಹಿಂದಿನ ವಿಬಿಎ (ಆಕ್ಸೆಸ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆ) ಕೋಡ್ ತೆರೆದಾಗ ಮೊದಲ ಸಾಲೇ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಎಂದಿತ್ತು. ತಪ್ಪು ಬಂದರೆ ಸುಮ್ಮನೆ ಮುಂದಿನ ಸಾಲಿಗೆ ಹೋಗು ಎಂಬ ಆದೇಶ ಅದು. ಹಿಂದೆ ಯಾವುದೋ ಸಣ್ಣ ತೊಂದರೆ ತಪ್ಪಿಸಲು ನಾನೇ ಹಾಕಿದ್ದೆ, ತೆಗೆಯಲು ಮರೆತಿದ್ದೆ.

ಆ ಸಾಲಿನ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ ಅದನ್ನು ನಿಷ್ಕ್ರಿಯಗೊಳಿಸಿದೆ. ಗುಂಡಿ ಒತ್ತಿದೊಡನೆ ದೋಷ ಸಂಖ್ಯೆ 3325 ಎದ್ದು ಬಂತು. ರಿಟರ್ನ್ಸ್ ರೆಕಾರ್ಡ್ಸ್ ಗುಣವನ್ನು ಹೌದು ಎಂದು ಇಟ್ಟಿರುವ ಪಾಸ್-ಥ್ರೂ ಕ್ವೆರಿ ಯಾವ ದಾಖಲೆಯನ್ನೂ ಕೊಡಲಿಲ್ಲ ಎಂಬುದು ಅದರ ಸಾರ. ಅಷ್ಟು ಹೊತ್ತು ಕತ್ತಲಲ್ಲಿ ತಡಕಾಡುತ್ತಿದ್ದವಳಿಗೆ ದೀಪ ಹಚ್ಚಿದಂತಾಯಿತು. ಆದ್ದರಿಂದ ಹೇಳುತ್ತೇನೆ: ಖಾಲಿ ಪರದೆಯ ದೂರು ಬಂದಾಗ ಬೇರೇನನ್ನೂ ನೋಡುವ ಮುಂಚೆ ಕೋಡ್‌ನಲ್ಲಿ ದೋಷದ ಬಾಯಿ ಕಟ್ಟಿದ ಸಾಲುಗಳನ್ನು ಹುಡುಕಿ ಬಿಚ್ಚಿರಿ. ಅಂಗಡಿಯವರ ಮುಂದೆ ಕೆಂಪು ಸಂದೇಶ ಕಾಣುವುದು ಮುಜುಗರವೆಂದು ಅದನ್ನು ಅಡಗಿಸುವವರಿದ್ದಾರೆ. ಖಾಲಿ ಪಟ್ಟಿಯನ್ನು ನಿಜವೆಂದು ನಂಬಿ "ನಿಮಗೆ ಬಾಕಿ ಏನೂ ಇಲ್ಲ" ಎಂದು ರೈತನನ್ನು ವಾಪಸು ಕಳಿಸುವುದು ಅದಕ್ಕಿಂತ ಎಷ್ಟೋ ಕೆಟ್ಟದ್ದು.

'ಇಷ್ಟು ಸಾಲುಗಳ ಮೇಲೆ ಪರಿಣಾಮವಾಯಿತು'

ಸ್ಟುಡಿಯೊದಲ್ಲಿ 38 ಸಾಲು ಕೊಟ್ಟ ಪ್ರೊಸೀಜರ್ ಆಕ್ಸೆಸ್‌ಗೆ ಏಕೆ ಏನೂ ಕೊಡಲಿಲ್ಲ? ಶುಕ್ರವಾರ ಸಂಜೆ ಧಣಿಗಳು ಒಂದು ಬದಲಾವಣೆ ಕೇಳಿದ್ದರು. ಮಳೆಗಾಲದಲ್ಲಿ ರೈತರಿಗೆ ಕೊಟ್ಟ ಮುಂಗಡವನ್ನು ಬಾಕಿಯಿಂದ ಕಳೆದು ನಿವ್ವಳ ತೋರಿಸಬೇಕು. ಅದಕ್ಕಾಗಿ ಪ್ರೊಸೀಜರ್‌ನ ಆರಂಭದಲ್ಲಿ ಒಂದು ತಾತ್ಕಾಲಿಕ ಟೇಬಲ್ ಮಾಡಿ, ಮುಂಗಡಗಳನ್ನು ಅದಕ್ಕೆ ತುಂಬಿಸಿ, ಆಮೇಲೆ ಖರೀದಿ ಟೇಬಲ್‌ನೊಂದಿಗೆ ಜೋಡಿಸಿ ಸೆಲೆಕ್ಟ್ ಮಾಡಿದ್ದೆ. ಲೆಕ್ಕ ಸರಿಯಾಗಿತ್ತು, ಓಡಿಸಿ ನೋಡಿಯೂ ಇದ್ದೆ. ಆದರೆ ನೋಡಿದ್ದು ಸ್ಟುಡಿಯೊದಲ್ಲಿ.

ಸ್ಟುಡಿಯೊದ ಕೆಳಭಾಗದಲ್ಲಿ ಎರಡು ಪುಟಗಳಿವೆ, ರಿಸಲ್ಟ್ಸ್ ಮತ್ತು ಮೆಸೇಜಸ್. ನಾವು ಮೊದಲನೆಯದನ್ನು ನೋಡಿ ತೃಪ್ತರಾಗುತ್ತೇವೆ. ಎರಡನೆಯದನ್ನು ಒತ್ತಿದರೆ ಅಲ್ಲಿ '214 ರೋಸ್ ಅಫೆಕ್ಟೆಡ್' ಎಂದೂ, ಅದರ ಕೆಳಗೆ '38 ರೋಸ್ ಅಫೆಕ್ಟೆಡ್' ಎಂದೂ ಎರಡು ಸಾಲು ಇತ್ತು. ಮೊದಲನೆಯದು ತಾತ್ಕಾಲಿಕ ಟೇಬಲ್‌ಗೆ 214 ಮುಂಗಡಗಳನ್ನು ತುಂಬಿಸಿದ ಸುದ್ದಿ. ಈ ಸುದ್ದಿಯೂ ತಂತಿಯ ಮೇಲೆ ಒಂದು ಫಲಿತಾಂಶದಂತೆಯೇ ಹೋಗುತ್ತದೆ, ಆದರೆ ಅದರಲ್ಲಿ ಕಾಲಂಗಳಿಲ್ಲ, ಸಾಲುಗಳಿಲ್ಲ, ಬರೀ ಎಣಿಕೆ. ಸ್ಟುಡಿಯೊ ಬಂದದ್ದನ್ನೆಲ್ಲ ಕೊನೆಯವರೆಗೆ ಓದುತ್ತದೆ. ಆಕ್ಸೆಸ್‌ನ ಪಾಸ್-ಥ್ರೂ ಕ್ವೆರಿ ಮೊದಲು ಬಂದದ್ದನ್ನೇ ಉತ್ತರವೆಂದು ಹಿಡಿಯುತ್ತದೆ. ಅದರಲ್ಲಿ ಕಾಲಂ ಇಲ್ಲದ್ದನ್ನು ಕಂಡು, ದಾಖಲೆ ಬಂದಿಲ್ಲ ಎಂದು ಕೈಚೆಲ್ಲುತ್ತದೆ. ನಿಜವಾದ 38 ಸಾಲು ಅದರ ಬೆನ್ನಿಗೇ ಬಾಗಿಲಲ್ಲಿ ನಿಂತಿರುತ್ತದೆ.

ಪರಿಹಾರ ಒಂದೇ ಸಾಲು. ಪ್ರೊಸೀಜರ್‌ನಲ್ಲಿ 'ಆ್ಯಸ್' ಎಂಬ ಪದವಾದ ಕೂಡಲೇ, ಬೇರೆ ಯಾವ ಆದೇಶಕ್ಕೂ ಮೊದಲು, 'ಸೆಟ್ ನೋಕೌಂಟ್ ಆನ್' ಎಂದು ಬರೆಯಿರಿ. ಎಣಿಕೆಯ ಸುದ್ದಿ ಹೊರಡುವುದು ನಿಂತುಹೋಗುತ್ತದೆ, ಸೆಲೆಕ್ಟ್‌ನ ಫಲಿತಾಂಶವೇ ಮೊದಲನೆಯದಾಗುತ್ತದೆ. ಹೀಗೆ ಬರೆದರೆ ಪ್ರೊಸೀಜರ್ ಒಳಗೆ ಸಾಲುಗಳ ಎಣಿಕೆ ಹೇಳುವ 'ರೋಕೌಂಟ್' ಸಿಗದೆ ಹೋದೀತೆಂದು ಕೆಲವರು ಹೆದರುತ್ತಾರೆ. ಹಾಗಾಗುವುದಿಲ್ಲ, ಆ ಬೆಲೆ ಮೊದಲಿನಂತೆಯೇ ಲಭ್ಯ. ನಾನೀಗ ಹೊಸ ಪ್ರೊಸೀಜರ್ ಬರೆಯಲು ಕೂತರೆ ಹೆಸರಿನ ನಂತರ ಕೈ ತಾನಾಗಿ ಈ ಸಾಲನ್ನು ಬರೆಯುತ್ತದೆ. ಪರೀಕ್ಷೆಗೆಂದು ನಡುನಡುವೆ ಹಾಕಿದ 'ಪ್ರಿಂಟ್' ಆದೇಶಗಳನ್ನೂ ಕೆಲಸ ಮುಗಿದ ಮೇಲೆ ತೆಗೆದುಬಿಡಿ.

ಪಾಸ್-ಥ್ರೂ ಬಿಟ್ಟು ಎಡಿಒ (ಕೋಡ್‌ನಿಂದಲೇ ಸರ್ವರ್ ಜೊತೆ ಮಾತಾಡುವ ಇನ್ನೊಂದು ದಾರಿ) ಬಳಸುವವರಿಗೆ ಇದೇ ಕಾಯಿಲೆ ಬೇರೆ ಮುಖದಲ್ಲಿ ಕಾಣಿಸುತ್ತದೆ. ಅಲ್ಲಿ ರೆಕಾರ್ಡ್‌ಸೆಟ್, ಅಂದರೆ ಬಂದ ಸಾಲುಗಳ ಗುಂಪು, ಮುಚ್ಚಿದ ಸ್ಥಿತಿಯಲ್ಲೇ ಬರುತ್ತದೆ. ಅದನ್ನು ಓದಲು ಹೋದರೆ ದೋಷ 3704: ವಸ್ತು ಮುಚ್ಚಿರುವಾಗ ಈ ಕೆಲಸ ಸಾಧ್ಯವಿಲ್ಲ. ಪ್ರೊಸೀಜರನ್ನು ತಿದ್ದುವ ಅಧಿಕಾರ ನಿಮಗಿಲ್ಲದಿದ್ದರೆ 'ನೆಕ್ಸ್ಟ್ ರೆಕಾರ್ಡ್‌ಸೆಟ್' ಕರೆದು ಎಣಿಕೆಯನ್ನು ದಾಟಿ ಮುಂದಿನ ಫಲಿತಾಂಶಕ್ಕೆ ಹೋಗಬಹುದು. ಎಡಿಒದಲ್ಲಿ ಇನ್ನೊಂದು ಮೋಸವಿದೆ. ಮುಂದಕ್ಕಷ್ಟೇ ಚಲಿಸುವ ರೆಕಾರ್ಡ್‌ಸೆಟ್‌ನಲ್ಲಿ 'ರೆಕಾರ್ಡ್‌ಕೌಂಟ್' ಯಾವಾಗಲೂ ಮೈನಸ್ 1. 'ಸೊನ್ನೆಗಿಂತ ಹೆಚ್ಚಿದ್ದರೆ ತೋರಿಸು' ಎಂದು ಕೋಡ್ ಬರೆದಿದ್ದರೆ ಸಾವಿರ ಸಾಲಿದ್ದರೂ ತೋರಿಸುವುದಿಲ್ಲ. ಸಾಲುಗಳು ಮುಗಿದವೇ ಎಂದು ಹೇಳುವ 'ಇಒಎಫ್' ನೋಡಿ ನಿರ್ಧರಿಸಿ. ಆ ರೆಕಾರ್ಡ್‌ಸೆಟ್ಟನ್ನು ಲಿಸ್ಟ್ ಬಾಕ್ಸಿಗೋ ಫಾರ್ಮಿಗೋ ಕಟ್ಟುವುದಿದ್ದರೆ ಕರ್ಸರ್ (ಸಾಲುಗಳನ್ನು ಹಿಡಿದಿಟ್ಟು ಓದಿಸುವ ವ್ಯವಸ್ಥೆ) ಕ್ಲೈಂಟ್ ಕಡೆಯದಾಗಿರಲಿ.

ಎಂಟು ಪ್ರಶ್ನಾರ್ಥಕ ಚಿಹ್ನೆಗಳು

ನೋಕೌಂಟ್ ಹಾಕಿದ ಮೇಲೆ ಪಟ್ಟಿ ತುಂಬಿತು. ಬೆಂಚಿನ ಮೇಲಿದ್ದವರಲ್ಲಿ ನಾಲ್ವರ ಲೆಕ್ಕ ಮುಗಿಯಿತು. ಐದನೆಯವರು ನೀರ್ಚಾಲಿನವರು. ಊರಿನ ಹೆಸರು ಕೊಟ್ಟು ಗುಂಡಿ ಒತ್ತಿದರೆ ಮತ್ತೆ ಖಾಲಿ, ಈ ಸಲ ದೋಷ ಸಂದೇಶವೂ ಇಲ್ಲ, ಅಡಗಿಸಿದ್ದೂ ಅಲ್ಲ. ಅಂದರೆ ಸರ್ವರ್ ಪ್ರಾಮಾಣಿಕವಾಗಿ ಹುಡುಕಿ, ಇಲ್ಲ ಎಂದಿತ್ತು. ಹಾಗಾದರೆ ನಾವು ಕೇಳಿದ್ದೇನು?

ಮೊದಲು ಮುಗಿದ ನಾಲ್ವರ ಲೆಕ್ಕವನ್ನು 'ಎಲ್ಲ ಊರುಗಳು' ಎಂಬ ಆಯ್ಕೆಯಲ್ಲಿ ತೆಗೆದಿದ್ದೆವು. ಊರಿನ ಹೆಸರು ಹೋಗಿದ್ದು ಇದೇ ಮೊದಲು. ಮುಂಗಡದ ಬದಲಾವಣೆಯ ಜೊತೆಗೆ ಶುಕ್ರವಾರ ನಾನು ಊರಿನ ಸಂಖ್ಯೆಯ ಬದಲು ಊರಿನ ಹೆಸರನ್ನೇ ಕಳಿಸುವಂತೆ ಮಾಡಿದ್ದೆ. ಪ್ರೊಸೀಜರ್‌ಗೆ ಬಂದ ಬೆಲೆಯನ್ನು ಒಂದು ಟೇಬಲ್‌ಗೆ ಬರೆದು ನೋಡಿದಾಗ, 'ನೀರ್ಚಾಲು' ಇರಬೇಕಾದ ಕಡೆ ಎಂಟು ಪ್ರಶ್ನಾರ್ಥಕ ಚಿಹ್ನೆ ಸಾಲಾಗಿ ನಿಂತಿದ್ದವು. ಎಂಟು ಏಕೆ ಎಂದರೆ, ನಾವು ಓದುವುದು ಮೂರು ಅಕ್ಷರವಾದರೂ ಕಂಪ್ಯೂಟರಿಗೆ ಅದು ನ, ಈ-ಕಾರದ ಚಿಹ್ನೆ, ರ, ಹಲಂತ, ಚ, ಆ-ಕಾರ, ಲ, ಉ-ಕಾರ ಎಂದು ಎಂಟು ಸಂಕೇತ. ಒಂದೊಂದು ಸಂಕೇತಕ್ಕೂ ಒಂದೊಂದು ಪ್ರಶ್ನಾರ್ಥಕ. ಸರ್ವರ್ ಆ ಎಂಟು ಚಿಹ್ನೆಗಳ ಹೆಸರಿನ ಊರನ್ನು ಹುಡುಕಿ, ಸಿಗದೆ, ಖಾಲಿ ಕೈಯಲ್ಲಿ ಬಂದಿತ್ತು.

ಕಾರಣ ಒಂದು ಅಕ್ಷರ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಉದ್ಧರಣ ಚಿಹ್ನೆಯೊಳಗಿನ ಪಠ್ಯದ ಹಿಂದೆ ದೊಡ್ಡಕ್ಷರದ 'ಎನ್' ಇಲ್ಲದಿದ್ದರೆ ಅದನ್ನು ಡೇಟಾಬೇಸಿನ ಕೋಡ್ ಪೇಜ್‌ಗೆ (ಕೆಲವೇ ಲಿಪಿಗಳ ಅಕ್ಷರಗಳಿರುವ ಹಳೆಯ ಪಟ್ಟಿಗೆ) ಇಳಿಸುತ್ತದೆ. ಕನ್ನಡ, ಮಲಯಾಳಗಳಿಗೆ ಸಾಮಾನ್ಯ ಕೋಡ್ ಪೇಜ್‌ಗಳಲ್ಲಿ ಜಾಗವಿಲ್ಲ, ಹಾಗಾಗಿ ಪ್ರತಿಯೊಂದೂ ಪ್ರಶ್ನಾರ್ಥಕವಾಗುತ್ತದೆ. ಎನ್ ಹಾಕಿದರೂ ಸಾಲದು. ಪ್ರೊಸೀಜರ್‌ನ ಪ್ಯಾರಾಮೀಟರ್, ಒಳಗೆ ಘೋಷಿಸಿದ ಪ್ರತಿಯೊಂದು ವೇರಿಯಬಲ್, ತಾತ್ಕಾಲಿಕ ಟೇಬಲ್‌ನ ಕಾಲಂ, ಮೂಲ ಟೇಬಲ್‌ನ ಕಾಲಂ ಎಲ್ಲವೂ ಕನ್ನಡದಂಥ ಲಿಪಿಗಳನ್ನೂ ಹಿಡಿಯುವ 'ಎನ್‌ವಾರ್‌ಚಾರ್' ವಿಧದ್ದಾಗಿರಬೇಕು. ಸರಪಳಿಯ ಒಂದು ಕೊಂಡಿ 'ವಾರ್‌ಚಾರ್' ಆದರೂ ಹೆಸರು ಅಲ್ಲೇ ಸಾಯುತ್ತದೆ. ಎಡಿಒ ಪ್ಯಾರಾಮೀಟರ್‌ಗಳಾದರೆ ವಿಧ 200 ಅಲ್ಲ, 202 ಆಗಬೇಕು.

ಕಣ್ಣನ್ನು ನಂಬದೆ ಪರೀಕ್ಷಿಸುವ ದಾರಿ ಇದು. 'ಯುನಿಕೋಡ್' ಎಂಬ ಫಂಕ್ಷನ್‌ಗೆ ಹೆಸರಿನ ಮೊದಲ ಅಕ್ಷರ ಕೊಡಿ. ನೀರ್ಚಾಲಿನ 'ನ'ಕ್ಕೆ 3240 ಬರಬೇಕು. 63 ಬಂದರೆ ಅದು ಪ್ರಶ್ನಾರ್ಥಕ ಚಿಹ್ನೆ, ಹೆಸರು ಆಗಲೇ ನಾಶವಾಗಿದೆ. 3200ರಿಂದ 3327ರ ನಡುವಿನ ಸಂಖ್ಯೆ ಕನ್ನಡ, 3328ರಿಂದ 3455ರ ನಡುವಿನದ್ದು ಮಲಯಾಳ. ನಮ್ಮ ಅಂಗಡಿಗಳಲ್ಲಿ ಒಂದೇ ಪಟ್ಟಿಯಲ್ಲಿ ಎರಡೂ ಲಿಪಿಯ ಹೆಸರುಗಳು ಇರುತ್ತವೆ. ಒಂದೇ ಊರು ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಮಲಯಾಳದಲ್ಲಿ ದಾಖಲಾಗಿ ಅರ್ಧ ಲೆಕ್ಕ ಮಾತ್ರ ಕಾಣುವುದು ಈ ಸಂಖ್ಯೆಗಳಿಂದ ಕೂಡಲೇ ಸಿಕ್ಕಿಬೀಳುತ್ತದೆ. ಪರದೆಯ ಮೇಲೆ ಪ್ರಶ್ನಾರ್ಥಕದ ಬದಲು ಖಾಲಿ ಚೌಕಗಳು ಕಂಡರೆ ಹೆದರಬೇಡಿ. ಅದು ಫಾಂಟ್ ಇಲ್ಲದ ತೊಂದರೆ, ಡೇಟಾ ಕ್ಷೇಮವಾಗಿದೆ. ನಿರ್ಮಲಾ ಯುಐ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಟೇಬಲ್‌ನಲ್ಲೇ ಪ್ರಶ್ನಾರ್ಥಕವಾಗಿ ಉಳಿದ ಹೆಸರನ್ನು ಮಾತ್ರ ಯಾವ ಫಾಂಟೂ ಮರಳಿ ತರುವುದಿಲ್ಲ. ಹಳೆಯ ಚೀಟಿ ನೋಡಿ ಮತ್ತೆ ಬರೆಯಬೇಕು.

ವಿಬಿಎ ಸಂಪಾದಕದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದು ನನ್ನ ಒಂದು ಗಂಟೆ ತಿಂದಿದೆ. ಆ ಸಂಪಾದಕಕ್ಕೆ ಕನ್ನಡ ಬರುವುದಿಲ್ಲ. ಇಮ್ಮೀಡಿಯೆಟ್ ಕಿಟಕಿಯಲ್ಲಿ ಬೆಲೆಯನ್ನು ಮುದ್ರಿಸಿ ನೋಡಿದರೆ ಸರಿಯಾದ ಹೆಸರೂ ಪ್ರಶ್ನಾರ್ಥಕಗಳಾಗಿಯೇ ಕಾಣುತ್ತದೆ. ಮೆಸೇಜ್ ಬಾಕ್ಸ್‌ನಲ್ಲಿಯೂ ಅದೇ ಕಥೆ. ನಾನು ಅದನ್ನು ನೋಡಿ ಆಕ್ಸೆಸ್‌ನ ಟೆಕ್ಸ್ಟ್ ಬಾಕ್ಸೇ ಹೆಸರನ್ನು ಕೆಡಿಸುತ್ತಿದೆ ಎಂದು ತಪ್ಪು ದಾರಿ ಹಿಡಿದಿದ್ದೆ. 'ಆಸ್ಕ್‌ಡಬ್ಲ್ಯು' ಫಂಕ್ಷನ್‌ನಿಂದ ಸಂಖ್ಯೆ ಕೇಳಿದಾಗ 3240 ಬಂತು, ಟೆಕ್ಸ್ಟ್ ಬಾಕ್ಸ್ ನಿರಪರಾಧಿ ಎಂದು ತಿಳಿಯಿತು. ಅದೇ ಕಾರಣಕ್ಕೆ ಕೋಡ್‌ನೊಳಗೆ ಕನ್ನಡ ಪದವನ್ನು ನೇರವಾಗಿ ಬರೆಯಬೇಡಿ. ಟೆಕ್ಸ್ಟ್ ಬಾಕ್ಸಿನಿಂದಲೋ ಟೇಬಲಿನಿಂದಲೋ ಓದಿಕೊಳ್ಳಿ.

ದಿನಾಂಕ, ಮತ್ತು ಸಂಜೆಯ ಚೀಟಿಗಳು

ಪಾಸ್-ಥ್ರೂ ಕ್ವೆರಿಯ ಪಠ್ಯ ಇದ್ದಂತೆಯೇ ಸರ್ವರ್‌ಗೆ ಹೋಗುತ್ತದೆ. ಆಕ್ಸೆಸ್ ಫಾರ್ಮ್‌ನ ಪೆಟ್ಟಿಗೆಯ ಹೆಸರನ್ನು ಅದರೊಳಗೆ ಬರೆದರೆ ಸರ್ವರ್‌ಗೆ ಅರ್ಥವಾಗದು. ಆದ್ದರಿಂದ ಪ್ರತಿ ಸಲ ವಿಬಿಎಯಲ್ಲಿ ಪ್ರೊಸೀಜರನ್ನು ಓಡಿಸುವ 'ಎಕ್ಸಿಕ್' ಸಾಲನ್ನು ಬೆಲೆಗಳೊಂದಿಗೆ ಜೋಡಿಸಿ ಕ್ವೆರಿಗೆ ಕೊಡಬೇಕು. ಈ ಜೋಡಣೆಯಲ್ಲೇ ದಿನಾಂಕ ಕೆಡುವುದು. ನಾವು ಜೂನ್ 5ನ್ನು 05/06 ಎಂದು ಬರೆಯುತ್ತೇವೆ. ಸರ್ವರ್‌ನ ಲಾಗಿನ್ ಭಾಷೆ ಅಮೆರಿಕದ ಇಂಗ್ಲಿಷ್ ಆಗಿದ್ದರೆ ಅದು ಮೇ 6 ಎಂದು ಓದುತ್ತದೆ. ತಿಂಗಳ 12ನೇ ತಾರೀಕಿನವರೆಗೆ ತಪ್ಪು ಸದ್ದಿಲ್ಲದೆ ನಡೆಯುತ್ತದೆ, 13ರಂದು ದೋಷ 8114 ಬರುತ್ತದೆ: ವಾರ್‌ಚಾರನ್ನು ಡೇಟ್‌ಟೈಮ್ ಆಗಿ ಪರಿವರ್ತಿಸಲಾಗಲಿಲ್ಲ. "ತಿಂಗಳ ಮೊದಲಿಗೆ ಸರಿ ಇರುತ್ತದೆ, ನಡುವೆ ಕೆಡುತ್ತದೆ" ಎಂದು ಯಾರಾದರೂ ಹೇಳಿದರೆ ಕಣ್ಣು ಮುಚ್ಚಿಕೊಂಡು ದಿನಾಂಕ ನೋಡಿ. ನಿಜವಾಗಿ ಕೆಟ್ಟದ್ದು ತಿಂಗಳ ಮೊದಲಿನ ಲೆಕ್ಕ ಎಂಬುದನ್ನು ಅವರಿಗೆ ತಿಳಿಸಿ.

ನಡುವೆ ಗೆರೆಯಿಲ್ಲದೆ ವರ್ಷ, ತಿಂಗಳು, ದಿನ ಎಂದು ಎಂಟು ಅಂಕಿಗಳಲ್ಲಿ ಬರೆಯಿರಿ, 20250605 ಎಂಬಂತೆ. ಇದನ್ನು ಯಾವ ಭಾಷೆಯ ಲಾಗಿನ್ ಆದರೂ ಒಂದೇ ರೀತಿ ಓದುತ್ತದೆ. ನಡುವೆ ಅಡ್ಡಗೆರೆ ಹಾಕಿದ 2025-06-05 ಸುರಕ್ಷಿತವೆಂದು ಬಹಳ ಜನ ನಂಬಿದ್ದಾರೆ, ಆದರೆ ಬ್ರಿಟಿಷ್ ಇಂಗ್ಲಿಷ್ ಲಾಗಿನ್‌ನಲ್ಲಿ ಹಳೆಯ ಡೇಟ್‌ಟೈಮ್ ವಿಧ ಅದನ್ನು ಮೇ 6 ಎಂದೇ ಓದುತ್ತದೆ.

ಕೊನೆಯ ದಿನದ ಸಾಲುಗಳು ಮಾತ್ರ ಕಾಣದಿದ್ದರೆ ಎರಡು ದಿನಾಂಕಗಳ ನಡುವಿನದನ್ನು ಕೇಳುವ 'ಬಿಟ್ವೀನ್' ನೋಡಿ. ಜೂನ್ 30ರವರೆಗೆ ಎಂದರೆ ಸರ್ವರ್‌ಗೆ ಅದು ಜೂನ್ 30ರ ನಡುರಾತ್ರಿ ಸೊನ್ನೆ ಗಂಟೆ. ಆ ದಿನ ಅಂಗಡಿ ತೆರೆದ ಮೇಲೆ ತೂಗಿದ ಒಂದು ಚೀಲವೂ ಲೆಕ್ಕಕ್ಕೆ ಬರುವುದಿಲ್ಲ. 'ಜುಲೈ 1ಕ್ಕಿಂತ ಮೊದಲು' ಎಂದು ಬರೆದರೆ ಎಲ್ಲವೂ ಸೇರುತ್ತದೆ. ಅಡಿಕೆ ತರುವವರು ಬಸ್ಸು ನೋಡಿಕೊಂಡು ಮಧ್ಯಾಹ್ನದ ನಂತರ ಬರುವುದೇ ಹೆಚ್ಚು, ಹಾಗಾಗಿ ಈ ತಪ್ಪಿನಿಂದ ತಿಂಗಳ ಕೊನೆಯ ದಿನದ ಬಾಕಿ ಎಷ್ಟೋ ಮನೆಗಳಿಗೆ ತಡವಾಗಿ ತಲುಪಿದೆ.

ನನಗೆ ಬರುತ್ತದೆ, ಅವಳಿಗೆ ಬರುವುದಿಲ್ಲ

ನನ್ನ ಲ್ಯಾಪ್‌ಟಾಪ್‌ನಲ್ಲಿ ಪಟ್ಟಿ ಕಾಣುತ್ತದೆ, ಕೌಂಟರಿನ ಕಂಪ್ಯೂಟರಿನಲ್ಲಿ ಇಲ್ಲ ಎಂದಾದರೆ ಅನುಮತಿಯನ್ನು ಶಂಕಿಸಿ. ನಾವು ಸರ್ವರ್‌ನ ಯಜಮಾನರಾಗಿ ಒಳಗೆ ಹೋಗುತ್ತೇವೆ, ಗುಮಾಸ್ತರಿಗೆ ಅಷ್ಟು ಅಧಿಕಾರ ಇರುವುದಿಲ್ಲ, ಇರಬಾರದು ಕೂಡ. ಅನುಮತಿ ಇಲ್ಲ ಎನ್ನುವ ದೋಷ 229 ಬಂದರೆ 'ಗ್ರ್ಯಾಂಟ್ ಎಕ್ಸಿಕ್ಯೂಟ್' ಕೊಡಬೇಕು. ಕೊಟ್ಟ ಅನುಮತಿ ಕಾಣೆಯಾಗಿದ್ದರೆ, ಪ್ರೊಸೀಜರನ್ನು ತಿದ್ದುವಾಗ ಅಳಿಸಿ ಹೊಸದಾಗಿ ಸೃಷ್ಟಿಸಿದ್ದೀರಿ ಎಂದರ್ಥ. 'ಡ್ರಾಪ್' ಮಾಡಿದರೆ ಅನುಮತಿಗಳೂ ಹೋಗುತ್ತವೆ, 'ಆಲ್ಟರ್' ಮಾಡಿದರೆ ಉಳಿಯುತ್ತವೆ. ಎಸ್‌ಕ್ಯುಎಲ್ ಸರ್ವರ್‌ನ 2016ರ ಆವೃತ್ತಿಯ ಮೊದಲ ಸರ್ವಿಸ್ ಪ್ಯಾಕ್‌ನಿಂದ 'ಕ್ರಿಯೇಟ್ ಆರ್ ಆಲ್ಟರ್' ಸಿಗುತ್ತದೆ, ಅದನ್ನೇ ಬಳಸಿ. ಪ್ರೊಸೀಜರ್ ಒಳಗೆ ಪಠ್ಯವನ್ನು ಜೋಡಿಸಿ ಓಡಿಸುವ ಡೈನಮಿಕ್ ಎಸ್‌ಕ್ಯುಎಲ್ ಇದ್ದರೆ ಪ್ರೊಸೀಜರ್‌ನ ಅನುಮತಿ ಸಾಲದು, ಟೇಬಲ್‌ನ ಅನುಮತಿಯನ್ನೂ ಕೇಳುತ್ತದೆ.

ಹೊಸ ಕಂಪ್ಯೂಟರಿನಲ್ಲಿ ಸಂಪರ್ಕದ ಹೆಸರೇ ಸಿಗುತ್ತಿಲ್ಲ ಎಂದರೆ 32 ಬಿಟ್, 64 ಬಿಟ್ ನೋಡಿ. ವಿಂಡೋಸ್‌ನಲ್ಲಿ ಒಡಿಬಿಸಿ (ಆಕ್ಸೆಸನ್ನು ಸರ್ವರ್‌ಗೆ ಜೋಡಿಸುವ ಕೊಂಡಿ) ಹೊಂದಿಸುವ ಕಿಟಕಿ ಎರಡಿವೆ. 32 ಬಿಟ್ ಆಕ್ಸೆಸ್‌ಗೆ 64 ಬಿಟ್‌ನದರಲ್ಲಿ ಮಾಡಿದ ಸಿಸ್ಟಂ ಡಿಎಸ್‌ಎನ್, ಅಂದರೆ ಆ ಸಂಪರ್ಕದ ಹೆಸರು, ಕಾಣುವುದಿಲ್ಲ.

ಸ್ಟುಡಿಯೊದಲ್ಲಿ ಕ್ಷಣಮಾತ್ರ, ಅಂಗಡಿಯಲ್ಲಿ ನಿಮಿಷವಾದರೂ ಮುಗಿಯದು

ಪೆರ್ಲದ ಅಂಗಡಿಯಲ್ಲಿ ಕಂಡ ಈ ದೋಷ ನನ್ನನ್ನು ಹೆಚ್ಚು ಕಾಡಿತು. ಅದೇ ಪ್ರೊಸೀಜರ್, ಅದೇ ಬೆಲೆಗಳು. ಸ್ಟುಡಿಯೊದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆಕ್ಸೆಸ್‌ನಿಂದ ಕರೆದರೆ 60 ಸೆಕೆಂಡ್ ಕಾದು ಕಾಲಾವಧಿ ಮೀರಿತು ಎಂದು ನಿಲ್ಲುತ್ತದೆ. ಪಾಸ್-ಥ್ರೂ ಕ್ವೆರಿಯ ಒಡಿಬಿಸಿ ಟೈಮ್‌ಔಟ್ ಗುಣದಲ್ಲಿ 60 ಎಂಬುದು ಮೊದಲೇ ಇಟ್ಟಿರುವ ಬೆಲೆ. ಅದನ್ನು ಏರಿಸಿದರೆ ಗ್ರಾಹಕರು ಇನ್ನಷ್ಟು ಹೊತ್ತು ಕಾಯುತ್ತಾರೆ, ಅಷ್ಟೇ.

ಕಾರಣ ಇದು. ಪ್ರೊಸೀಜರ್ ಮೊದಲ ಸಲ ಓಡುವಾಗ ಸರ್ವರ್ ಆಗ ಬಂದ ಬೆಲೆಗಳನ್ನು ನೋಡಿ ಒಂದು ಕಾರ್ಯಯೋಜನೆ ಮಾಡಿ ಇಟ್ಟುಕೊಳ್ಳುತ್ತದೆ. ಬೆಳಿಗ್ಗೆ ಮೊದಲು ಕೇಳಿದ್ದು ಹತ್ತೇ ಚೀಟಿಯಿರುವ ಸಣ್ಣ ಊರಾದರೆ, ಹತ್ತು ಸಾಲಿಗೆ ಹೊಂದುವ ಯೋಜನೆಯನ್ನೇ ಆಮೇಲೆ ಹತ್ತು ಸಾವಿರ ಸಾಲಿನ ಊರಿಗೂ ಬಳಸುತ್ತದೆ. ಹಾಗಿದ್ದರೆ ಸ್ಟುಡಿಯೊದಲ್ಲೂ ನಿಧಾನವಾಗಬೇಕಲ್ಲವೇ? ಇಲ್ಲಿದೆ ಗುಟ್ಟು: ಸ್ಟುಡಿಯೊ 'ಅರಿತ್‌ಅಬಾರ್ಟ್' ಎಂಬ ಹೊಂದಿಕೆಯನ್ನು ಆನ್ ಇಟ್ಟು ಸಂಪರ್ಕಿಸುತ್ತದೆ, ಒಡಿಬಿಸಿ ಆಫ್ ಇಡುತ್ತದೆ. ಹೊಂದಿಕೆ ಬೇರೆಯಾದರೆ ಯೋಜನೆಯೂ ಬೇರೆಯಾಗಿ ದಾಸ್ತಾನಾಗುತ್ತದೆ. ನೀವು ಸ್ಟುಡಿಯೊದಲ್ಲಿ ನೋಡುತ್ತಿರುವುದು ಹೊಸದಾಗಿ ಮಾಡಿದ ಒಳ್ಳೆಯ ಯೋಜನೆ, ಅಂಗಡಿಯವರು ಅನುಭವಿಸುತ್ತಿರುವುದು ಹಳೆಯ ಕೆಟ್ಟ ಯೋಜನೆ. ಸ್ಟುಡಿಯೊದಲ್ಲಿ 'ಸೆಟ್ ಅರಿತ್‌ಅಬಾರ್ಟ್ ಆಫ್' ಎಂದು ಹೇಳಿ ಮತ್ತೆ ಓಡಿಸಿ. ಅಲ್ಲೂ ನಿಧಾನವಾದರೆ ಊಹೆ ಖಚಿತ. ತೊಂದರೆ ಕೊಡುವ ಸೆಲೆಕ್ಟ್‌ನ ಕೊನೆಗೆ 'ಆಪ್ಶನ್ ರೀಕಂಪೈಲ್' ಸೇರಿಸಿದರೆ ಪ್ರತಿ ಸಲವೂ ಆ ಬೆಲೆಗೆ ತಕ್ಕ ಯೋಜನೆ ಮಾಡಿಕೊಳ್ಳುತ್ತದೆ. ದಿನಕ್ಕೆ ನೂರಿನ್ನೂರು ಸಲ ಓಡುವ ಅಂಗಡಿಯ ಲೆಕ್ಕಕ್ಕೆ ಅದರ ಖರ್ಚು ಏನೇನೂ ಅಲ್ಲ. ಅರಿತ್‌ಅಬಾರ್ಟ್ ಅನ್ನೇ ಆನ್ ಮಾಡಿ ಗೆದ್ದೆ ಎಂದುಕೊಳ್ಳಬೇಡಿ. ಆಗ ಹೊಸ ಯೋಜನೆ ಸಿಕ್ಕಿ ಎರಡು ದಿನ ಚೆನ್ನಾಗಿರುತ್ತದೆ, ಕಾಯಿಲೆ ಒಳಗೇ ಇರುತ್ತದೆ.

ಫಾರ್ಮ್‌ನಲ್ಲೇ ಇರುವ ತೊಡಕುಗಳು

ಪೆಟ್ಟಿಗೆಗಳಲ್ಲಿ 'ನೇಮ್' ಎಂಬ ಪದ ಪ್ರಶ್ನಾರ್ಥಕದೊಂದಿಗೆ ಕಂಡರೆ ಸಾಲು ಬಂದಿದೆ, ಕಾಲಂನ ಹೆಸರು ಹೊಂದುತ್ತಿಲ್ಲ ಎಂದು ತಿಳಿಯಿರಿ. ಪ್ರೊಸೀಜರ್‌ನಲ್ಲಿ ಮೊತ್ತ ತೆಗೆದು ಹೆಸರಿಡದೆ ಬಿಟ್ಟಿದ್ದರೆ ಹೀಗಾಗುತ್ತದೆ. ಸಬ್‌ಫಾರ್ಮ್‌ಗೆ ಪಾಸ್-ಥ್ರೂ ಕ್ವೆರಿ ಕೊಟ್ಟು, ಮುಖ್ಯ ಫಾರ್ಮ್‌ಗೆ ಕೊಂಡಿ ಹಾಕುವ ಲಿಂಕ್ ಫೀಲ್ಡ್‌ಗಳನ್ನೂ ತುಂಬಿದರೆ ಆಕ್ಸೆಸ್ ಒಪ್ಪುವುದಿಲ್ಲ. ಕೊಂಡಿ ತೆಗೆದು, ಮುಖ್ಯ ಫಾರ್ಮ್‌ನ ಸಾಲು ಬದಲಾದಾಗ ಕ್ವೆರಿಯ ಪಠ್ಯವನ್ನು ಬದಲಿಸಿ ಮತ್ತೆ ಓದಿಸಿ. ಪಟ್ಟಿ ಬಂದಿದೆ ಆದರೆ ತಿದ್ದಲಾಗುತ್ತಿಲ್ಲ ಎಂಬುದು ದೋಷವಲ್ಲ, ಪಾಸ್-ಥ್ರೂ ಫಲಿತಾಂಶ ಓದಲು ಮಾತ್ರ. ಒಂದು ಪ್ರೊಸೀಜರ್ ಎರಡು ಸೆಲೆಕ್ಟ್ ಕೊಟ್ಟರೆ ಆಕ್ಸೆಸ್‌ನ ಕ್ವೆರಿ ಮೊದಲನೆಯದನ್ನಷ್ಟೇ ತೋರಿಸುತ್ತದೆ. ಎರಡು ಪಟ್ಟಿ ಬೇಕಿದ್ದರೆ ಎರಡು ಪ್ರೊಸೀಜರ್ ಬರೆಯುವುದೇ ನೆಮ್ಮದಿ. ಆಕ್ಸೆಸ್ 2000ದಲ್ಲಿ ಬಂದ ಎಡಿಪಿ ಕಡತಗಳಲ್ಲಿ ಪ್ರೊಸೀಜರ್‌ಗಳು ಕ್ವೆರಿಗಳಂತೆಯೇ ಪಟ್ಟಿಯಲ್ಲಿ ಕಾಣುತ್ತಿದ್ದವು. 2013ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಹಳೆಯ ಅಂಗಡಿಯೊಂದು ಆಫೀಸ್ ಹೊಸದು ಮಾಡಿದ ಮೇಲೆ ಏನೂ ತೆರೆಯುತ್ತಿಲ್ಲ ಎಂದರೆ ಕಡತದ ಹೆಸರಿನ ಬಾಲ ನೋಡಿ.

ಸರಿಯಾಯಿತು ಎಂದು ಹೇಳುವ ಮೊದಲು

ಬದಿಯಡ್ಕದಲ್ಲಿ ಅಂದು ಮಧ್ಯಾಹ್ನ ಎರಡು ಗಂಟೆಗೆ ತಿದ್ದುಪಡಿ ಮುಗಿದಾಗ ನಾನು ನನ್ನ ಲಾಗಿನ್‌ನಿಂದ ಹೊರಬಂದು, ಕೌಂಟರಿನಲ್ಲಿ ಲೆಕ್ಕ ಬರೆಯುವ ಹುಡುಗಿಗೆ ಅವಳದೇ ಹೆಸರಿನಲ್ಲಿ ತೆರೆಯಲು ಹೇಳಿದೆ. ಕಳೆದ ತಿಂಗಳ ತೂಕದ ಚೀಟಿಗಳ ಕಟ್ಟನ್ನು ತೆಗೆದುಕೊಂಡೆವು. ಅದರಿಂದ ಬೇಕೆಂದೇ ತೊಡಕಿನವುಗಳನ್ನು ಆರಿಸಿದೆ: ಮುಂಗಡವೇ ಇಲ್ಲದ ಒಬ್ಬರು, ಬಾಕಿಗಿಂತ ಮುಂಗಡ ಹೆಚ್ಚಿದ್ದ ಒಬ್ಬರು, ಮಲಯಾಳದಲ್ಲಿ ಹೆಸರು ಬರೆದ ಒಬ್ಬರು, ಒಂದೇ ದಿನ ಹಳೆ ಅಡಿಕೆಯನ್ನೂ ಪಟೋರ ಎಂಬ ದರ್ಜೆಯ ಅಡಿಕೆಯನ್ನೂ ಕೊಟ್ಟ ಒಬ್ಬರು. ಅವಳು ಚೀಟಿ ಓದಿದಳು, ನಾನು ಪರದೆ ನೋಡಿದೆ. ಮುಂಗಡವಿಲ್ಲದವರ ಸಾಲು ಕಾಣಲಿಲ್ಲ. ಮುಂಗಡದ ಟೇಬಲನ್ನು 'ಇನ್ನರ್ ಜಾಯಿನ್' ಮಾಡಿದ್ದೆ, ಆದ್ದರಿಂದ ಮುಂಗಡ ಪಡೆಯದವರೆಲ್ಲ ಪಟ್ಟಿಯಿಂದಲೇ ಬಿದ್ದುಹೋಗಿದ್ದರು. ಬೆಳಿಗ್ಗೆ ಸ್ಟುಡಿಯೊದಲ್ಲಿ ಬಂದ 38 ಸಾಲನ್ನು ಸರಿಯಾದ ಸಂಖ್ಯೆ ಎಂದು ನಂಬಿಕೊಂಡೇ ಅಷ್ಟು ಹೊತ್ತು ಕೆಲಸ ಮಾಡಿದ್ದೆ. 'ಲೆಫ್ಟ್ ಜಾಯಿನ್' ಮಾಡಿ, ಮುಂಗಡ ನಲ್ (ಏನೂ ದಾಖಲಾಗಿಲ್ಲ) ಆದಲ್ಲಿ ಸೊನ್ನೆ ಎಂದು ಬರೆದಾಗ 61 ಸಾಲು ಬಂತು.

ಕಟ್ಟಿನ ಕೊನೆಯ ಚೀಟಿ ಬೆಂಚಿನಲ್ಲಿ ಇನ್ನೂ ಕೂತಿದ್ದ ನೀರ್ಚಾಲಿನ ಹಿರಿಯರದ್ದು. ತಿಂಗಳ ಕೊನೆಯ ದಿನ, ಸಂಜೆ ಐದೂವರೆಗೆ ತೂಗಿದ ಎರಡು ಚೀಲ. ಮುಂಗಡ ಪಡೆದಿರಲಿಲ್ಲ. ಅವಳು ಊರು ಆರಿಸಿ ಗುಂಡಿ ಒತ್ತಿದಳು. ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಅವರ ಹೆಸರು ಕನ್ನಡದಲ್ಲಿ ಪೂರ್ತಿಯಾಗಿತ್ತು, ತೂಕ ಚೀಟಿಯಲ್ಲಿದ್ದಷ್ಟೇ ಇತ್ತು.